ಹೆಡ್‌ಸೆಟ್ ಬೇರಿಂಗ್ ಸವೆದಾಗ: ಗ್ರೀಸ್ ಸಾಕೇ, ಗುಂಡು ಬದಲಿಸಬೇಕೇ, ಇಡೀ ಸೆಟ್ ಬೇಕೇ?

ಸೈಕಲ್‌ನ ಬೇರಿಂಗ್‌ಗಳಲ್ಲೆಲ್ಲ ಹ್ಯಾಂಡಲ್ ತಿರುಗಲು ನೆರವಾಗುವ ಹೆಡ್‌ಸೆಟ್‌ನದು ವಿಚಿತ್ರ ಬಾಳು. ಚಕ್ರದ ಹಬ್‌ನೊಳಗಿನ ಗುಂಡುಗಳು ಸುತ್ತುತ್ತಲೇ ಇರುತ್ತವೆ. ಸುತ್ತುವಾಗ ಗ್ರೀಸ್ ಹರಡುತ್ತದೆ, ಸವೆತವೂ ಎಲ್ಲ ಕಡೆಗೆ ಹಂಚಿಹೋಗುತ್ತದೆ. ಹ್ಯಾಂಡಲ್ ಕೆಳಗಿನ ಗುಂಡುಗಳಿಗೆ ಆ ಭಾಗ್ಯವಿಲ್ಲ. ನೇರ ರಸ್ತೆಯಲ್ಲಿ ಹ್ಯಾಂಡಲ್ ಅತ್ತಿತ್ತ ತಿರುಗುವುದು ಕೆಲವೇ ಡಿಗ್ರಿ. ಅಷ್ಟರಲ್ಲೇ ಅಲುಗಾಡುತ್ತ, ರಸ್ತೆಯ ಹಳ್ಳ ದಿಣ್ಣೆಗಳ ಪ್ರತಿ ಏಟನ್ನೂ ಅದೇ ಜಾಗದಲ್ಲಿ ತಿನ್ನುತ್ತ ಅವು ಕುಳಿತಿರುತ್ತವೆ. ಗುಂಡಿನ ಅಡಿಯಲ್ಲಿದ್ದ ಗ್ರೀಸ್ ಪಕ್ಕಕ್ಕೆ ಸರಿಯುತ್ತದೆ, ಲೋಹಕ್ಕೆ ಲೋಹ ತಾಗುತ್ತದೆ, ಗುಂಡು ಓಡುವ ಹಾದಿಯಲ್ಲಿ ಸಾಲಾಗಿ ಸಣ್ಣ ತಗ್ಗುಗಳು ಬೀಳುತ್ತವೆ. ಹ್ಯಾಂಡಲ್ ನೇರಕ್ಕೆ ಬಂದೊಡನೆ ಎಲ್ಲೋ ಸಿಕ್ಕಿಕೊಂಡಂತೆ ನಿಲ್ಲುವುದು ಈ ತಗ್ಗುಗಳಿಂದಲೇ.

ಆ ಹಾದಿಗೆ ರೇಸ್ ಎಂದು ಹೆಸರು. ಅಂಗಡಿಗೆ ಹೋದವರೆಲ್ಲ ಗುಂಡು ಯಾವ ಲೋಹದ್ದು, ಸೆರಾಮಿಕ್ ಇದೆಯೇ ಎಂದು ಕೇಳುತ್ತಾರೆ. ಆದರೆ ಏನನ್ನು ಕೊಳ್ಳಬೇಕು, ಏನನ್ನೂ ಕೊಳ್ಳಬೇಕಿಲ್ಲವೇ ಎಂಬುದನ್ನು ತೀರ್ಮಾನಿಸುವುದು ರೇಸ್. ಅದು ನುಣುಪಾಗಿದ್ದರೆ ಅಗ್ಗದ ದಾರಿಗಳು ತೆರೆದಿವೆ. ಅದರಲ್ಲಿ ತಗ್ಗು ಬಿದ್ದಿದ್ದರೆ ಎಂಥ ದುಬಾರಿ ಗುಂಡು ತಂದರೂ ಅದು ಹಳೆಯ ತಗ್ಗಿನಲ್ಲೇ ಹೋಗಿ ಕೂರುತ್ತದೆ.

ಬಿಚ್ಚುವ ಮುನ್ನ

ಸವೆದಿದೆ ಎಂದುಕೊಂಡ ಹೆಡ್‌ಸೆಟ್ ಎಷ್ಟೋ ಸಲ ಬರೀ ಸಡಿಲವಾಗಿರುತ್ತದೆ. ಮುಂದಿನ ಬ್ರೇಕ್ ಬಿಗಿಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿ. ಇನ್ನೊಂದು ಕೈಯ ಬೆರಳುಗಳು ಹೆಡ್ ಟ್ಯೂಬ್ (ಫ್ರೇಮ್‌ನ ಮುಂದಿನ ಗಿಡ್ಡ ಕೊಳವೆ, ಅದರ ಮೇಲೊಂದು ಕೆಳಗೊಂದು ಬೇರಿಂಗ್) ಮತ್ತು ಹೆಡ್‌ಸೆಟ್ ಸೇರುವ ಜಾಗದ ಮೇಲಿರಲಿ. ಅಲುಗಾಟವಿದ್ದರೆ ಬೆರಳಿಗೆ ತಿಳಿಯುತ್ತದೆ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಸಸ್ಪೆನ್ಷನ್ ಬಗೆಯದಾಗಿದ್ದರೆ ಅಥವಾ ಡಿಸ್ಕ್ ಬ್ರೇಕ್ ಇದ್ದರೆ ಈ ಪರೀಕ್ಷೆ ದಾರಿ ತಪ್ಪಿಸಬಹುದು. ಫೋರ್ಕ್‌ನ ಕಾಲುಗಳಲ್ಲೂ ಬ್ರೇಕ್ ಪ್ಯಾಡ್‌ಗಳಲ್ಲೂ ಸ್ವಲ್ಪ ಆಟ ಇದ್ದೇ ಇರುತ್ತದೆ. ಆಗ ಚಕ್ರವನ್ನು 90 ಡಿಗ್ರಿ ಅಡ್ಡಕ್ಕೆ ತಿರುಗಿಸಿ ಮತ್ತೆ ತಳ್ಳಿ ನೋಡಿ. ಈಗಲೂ ಟಕಟಕ ಎಂದರೆ ಅದು ಹೆಡ್‌ಸೆಟ್‌ನದೇ.

ಎರಡನೆಯದು, ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲ್ಲನ್ನು ಬೆರಳ ತುದಿಯಿಂದ ನಿಧಾನವಾಗಿ ತಿರುಗಿಸುವುದು. ಸರಿಯಾದ ಹೆಡ್‌ಸೆಟ್ ಎರಡೂ ಕಡೆಗೆ ತಾನಾಗಿ ವಾಲುತ್ತದೆ. ಇಡೀ ಸುತ್ತಿನಲ್ಲಿ ಮರಳು ಅರೆದಂತೆ ಒರಟಾಗಿದ್ದರೆ ಒಳಗೆ ಕೊಳೆ ಇದೆ, ಇಲ್ಲವೇ ಗ್ರೀಸ್ ಒಣಗಿದೆ. ನಡುವಿನಲ್ಲಿ ಮಾತ್ರ ಹಲ್ಲಿಗೆ ಸಿಕ್ಕಂತೆ ನಿಂತರೆ ರೇಸ್ ಹೋಗಿದೆ. ಮೊದಲನೆಯದಕ್ಕೆ ಮದ್ದು ಗ್ರೀಸ್. ಎರಡನೆಯದಕ್ಕೆ ಗ್ರೀಸ್ ಸುರಿದರೂ ಪ್ರಯೋಜನವಿಲ್ಲ. ಬಿಗಿಯಾದ ಕೇಬಲ್‌ಗಳು ಹ್ಯಾಂಡಲ್ಲನ್ನು ಹಿಡಿದೆಳೆಯುವುದೂ ಉಂಟು, ಅದನ್ನು ಸವೆತವೆಂದು ಭಾವಿಸಬೇಡಿ.

ಒಳಗೆ ಯಾವ ಬಗೆಯದಿದೆ ಎಂದು ಹೊರಗಿನಿಂದಲೇ ಅರ್ಧ ತಿಳಿಯುತ್ತದೆ. ಹೆಡ್ ಟ್ಯೂಬ್‌ನ ಮೇಲೆ ದೊಡ್ಡ ಆರುಮೂಲೆಯ ನಟ್‌ಗಳಿದ್ದು, ಹ್ಯಾಂಡಲ್ ಹಿಡಿದ ಸ್ಟೆಮ್ ತೆಳುವಾದ ಕಂಬದಂತೆ ಒಳಗಿಳಿದಿದ್ದರೆ ಅದು ಥ್ರೆಡ್ ಇರುವ ಹಳೆಯ ಬಗೆ. ಸ್ಟೆಮ್‌ನ ಪಕ್ಕದಲ್ಲಿ ಎರಡು ಬೋಲ್ಟ್, ತಲೆಯ ಮೇಲೊಂದು ಮುಚ್ಚಳ, ಆ ಮುಚ್ಚಳದ ನಡುವೆ ಒಂದು ಬೋಲ್ಟ್ ಇದ್ದರೆ ಥ್ರೆಡ್ ಇಲ್ಲದ ಬಗೆ. ಇನ್ನರ್ಧ ಬಿಚ್ಚಿದ ಮೇಲೆ ಗೊತ್ತಾಗುತ್ತದೆ: ಕಪ್ (ಬಟ್ಟಲಿನಂಥ ರೇಸ್) ಮತ್ತು ಕೋನ್‌ಗಳ (ಅದರೊಳಗೆ ಕೂರುವ ಇಳಿಜಾರು ರೇಸ್) ನಡುವೆ ಓಡುವ ಬಿಡಿ ಗುಂಡುಗಳೋ, ತಗಡಿನ ಕೇಜ್‌ನಲ್ಲಿ ಹಿಡಿದಿಟ್ಟ ಗುಂಡುಗಳೋ, ಸೀಲ್ ಆದ ಬಳೆಯಂಥ ಕಾರ್ಟ್ರಿಜ್ ಬೇರಿಂಗೋ ಎಂಬುದು. ಬಿಚ್ಚುವಾಗ ಪ್ರತಿ ಹಂತದಲ್ಲೂ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ವಾಷರ್ ಮತ್ತು ಸೀಲ್‌ಗಳು ಯಾವ ಮುಖ ಮೇಲಾಗಿ ಕೂತಿದ್ದವೆಂಬುದು ಮರುದಿನ ನೆನಪಿರುವುದಿಲ್ಲ. ಸ್ಟೆಮ್ ತೆಗೆದೊಡನೆ ಫೋರ್ಕ್ ಕೆಳಗೆ ಜಾರುತ್ತದೆ, ಒಂದು ಕೈ ಅದರ ಮೇಲಿರಲಿ.

ಏನನ್ನೂ ಕೊಳ್ಳದ ದಾರಿ

ರೇಸ್‌ಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿಯಿರಿ. ಗುಂಡು ಓಡಿದ ಕಡೆ ಹೊಳೆಯುವ ಒಂದು ಗೆರೆ ಇರುತ್ತದೆ, ಅದು ಸಹಜ. ಬಾಲ್ ಪೆನ್ನಿನ ಮೊನೆಯನ್ನು ಆ ಗೆರೆಯ ಮೇಲೆ ಹಗುರಾಗಿ ಓಡಿಸಿ. ಕಣ್ಣಿಗೆ ಕಾಣದ ತಗ್ಗನ್ನೂ ಮೊನೆ ಹಿಡಿಯುತ್ತದೆ. ಎಲ್ಲಿಯೂ ತಡೆಯದೆ ಜಾರಿದರೆ ಹಳೆಯ ಭಾಗಗಳನ್ನೇ ತೊಳೆದು, ಒಣಗಿಸಿ, ನೀರು ತಡೆಯುವ ದಪ್ಪ ಗ್ರೀಸ್ ಹಚ್ಚಿ ಜೋಡಿಸುವುದು ಜಿಪುಣತನವಲ್ಲ, ಸರಿಯಾದ ಕೆಲಸ. ಹೆಡ್‌ಸೆಟ್ ವೇಗವಾಗಿ ತಿರುಗುವುದಿಲ್ಲವಾದ್ದರಿಂದ ಗ್ರೀಸ್ ಹೆಚ್ಚಾಯಿತೆಂಬ ಚಿಂತೆ ಬೇಡ. ಖಾಲಿ ಜಾಗವೆಲ್ಲ ಗ್ರೀಸ್‌ನಿಂದ ತುಂಬಿದ್ದರೆ ನೀರಿಗೆ ಒಳಗೆ ಜಾಗವಿರುವುದಿಲ್ಲ.

ಕಾರ್ಟ್ರಿಜ್ ಬೇರಿಂಗ್‌ಗೂ ಇದನ್ನು ಮಾಡಬಹುದು. ಸೂಜಿಯ ತುದಿಯಿಂದ ರಬ್ಬರ್ ಸೀಲ್‌ನ ಅಂಚನ್ನು ಮಡಚದಂತೆ ಎತ್ತಿ, ಒಳಗಿನದನ್ನು ತೊಳೆದು, ಗ್ರೀಸ್ ತುಂಬಿ ಸೀಲ್ ಒತ್ತಿದರೆ ಆಯಿತು. ಒಣಗಿದ ಬೇರಿಂಗ್ ಇದರಿಂದ ಮತ್ತೆ ಬಳಕೆಗೆ ಬರುತ್ತದೆ. ಬೆರಳಿನಲ್ಲಿ ತಿರುಗಿಸುವಾಗ ಒಳಗೆ ತಡೆತಡೆದು ಓಡುವ ಬೇರಿಂಗ್‌ಗೆ ಮಾತ್ರ ಈ ಶ್ರಮ ವ್ಯರ್ಥ.

ಕೇಜ್ ಗುಂಡೋ, ಬಿಡಿ ಗುಂಡೋ

ಕಪ್ ಕೋನ್ ಬಗೆಯಲ್ಲಿ ರೇಸ್ ಚೆನ್ನಾಗಿದ್ದು ಗುಂಡುಗಳ ಮೇಲೆ ಮಾತ್ರ ತುಕ್ಕಿನ ಚುಕ್ಕೆ, ಮಂಕು ಕಂಡರೆ ಗುಂಡುಗಳನ್ನಷ್ಟೇ ಬದಲಿಸಬಹುದು. ಇಲ್ಲಿ ಎರಡು ದಾರಿಗಳಿವೆ, ಎರಡಕ್ಕೂ ತಮ್ಮದೇ ಆದ ನ್ಯಾಯವಿದೆ.

ಕೇಜ್‌ನ ಗುಣ ಅದರ ಸರಾಗ. ಗುಂಡು ಉರುಳಿ ಮಂಚದಡಿ ಸೇರುವುದಿಲ್ಲ, ಎಣಿಸಬೇಕಿಲ್ಲ, ಒಂದು ಕ್ಷಣದಲ್ಲಿ ಕೂರುತ್ತದೆ. ಕಾರ್ಖಾನೆಗಳು ಕೇಜ್ ಹಾಕುವುದಕ್ಕೂ ಇದೇ ಕಾರಣ, ಜೋಡಣೆ ಬೇಗ ಮುಗಿಯುತ್ತದೆ. ದೋಷವೆಂದರೆ ಗುಂಡು ಗುಂಡಿನ ನಡುವೆ ತಗಡಿಗೂ ಜಾಗ ಬೇಕು, ಹಾಗಾಗಿ ಅದೇ ಕಪ್‌ನಲ್ಲಿ ಗುಂಡುಗಳು ಕಡಿಮೆ ಹಿಡಿಯುತ್ತವೆ. ಭಾರ ಹೊರುವವು ಕಡಿಮೆಯಾದರೆ ಒಂದೊಂದರ ಮೇಲಿನ ಹೊರೆ ಹೆಚ್ಚು. ಜೊತೆಗೆ ಕೇಜ್ ತಲೆಕೆಳಗಾಗಿ ಕೂತರೆ ತಗಡೇ ರೇಸ್‌ಗೆ ಉಜ್ಜುತ್ತದೆ. ಯಾವ ಮುಖ ಮೇಲೆ ಎಂಬ ಗೊಂದಲವಿದ್ದರೆ ಕೋನ್ ಮೇಲಿಟ್ಟು ಕೈಯಲ್ಲಿ ಒತ್ತಿ ತಿರುಗಿಸಿ. ಸರಿಯಾಗಿದ್ದರೆ ಗುಂಡುಗಳು ಮಾತ್ರ ರೇಸ್‌ಗೆ ತಾಗಿ ನುಣ್ಣಗೆ ತಿರುಗುತ್ತದೆ, ತಪ್ಪಾಗಿದ್ದರೆ ಕರಕರ ಎನ್ನುತ್ತದೆ. ಮೇಲಿನ ಬೇರಿಂಗ್ ಮತ್ತು ಕೆಳಗಿನ ಬೇರಿಂಗ್‌ಗಳಲ್ಲಿ ಕೇಜ್ ಒಂದೇ ದಿಕ್ಕಿಗೆ ಮುಖ ಮಾಡಿರಬೇಕೆಂದೇನಿಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸಿ.

ಬಿಡಿ ಗುಂಡುಗಳನ್ನು ಹಾಕಿದರೆ ಹೆಚ್ಚು ಗುಂಡುಗಳು ಹಿಡಿಯುತ್ತವೆ. ನನ್ನ ಆಯ್ಕೆ, ಕನಿಷ್ಠ ಕೆಳಗಿನ ಬೇರಿಂಗ್‌ಗೆ, ಇದೇ. ಕೆಳಗಿನದು ರಸ್ತೆಯ ಏಟನ್ನೆಲ್ಲ ನೇರವಾಗಿ ತಿನ್ನುತ್ತದೆ, ಮುಂದಿನ ಚಕ್ರ ಎರಚುವ ಕೆಸರು ನೀರೂ ಅದರ ಪಾಲಿಗೇ. ಮೇಲಿನದಕ್ಕೆ ಕೇಜ್ ಸಾಕು. ಕಪ್‌ಗೆ ದಪ್ಪವಾಗಿ ಗ್ರೀಸ್ ಬಳಿದು ಒಂದೊಂದೇ ಗುಂಡನ್ನು ಅದರಲ್ಲಿ ಅಂಟಿಸುತ್ತ ಸುತ್ತು ಪೂರ್ತಿ ಮಾಡಿ. ಹೆಚ್ಚೂಕಡಿಮೆ ಒಂದು ಗುಂಡಿನಷ್ಟು ಜಾಗ ಬಿಟ್ಟಿರಲಿ. ಒತ್ತಿ ತುರುಕಿದರೆ ಗುಂಡುಗಳು ಒಂದನ್ನೊಂದು ಉಜ್ಜುತ್ತವೆ, ಎಲ್ಲಾದರೂ ಒಂದು ಮೇಲೆದ್ದು ರೇಸನ್ನೇ ಕೆಡಿಸುತ್ತದೆ. ಕೆಲಸದ ಕೆಳಗೆ ಅಂಚಿರುವ ತಟ್ಟೆಯೊಂದಿರಲಿ. ಅಯಸ್ಕಾಂತದಿಂದ ಗುಂಡು ಹೆಕ್ಕುವ ಅಭ್ಯಾಸ ಬೇಡ. ಕಾಂತತ್ವ ಹಿಡಿದ ಗುಂಡು ಕಬ್ಬಿಣದ ಪುಡಿಯನ್ನು ತನ್ನತ್ತ ಸೆಳೆಯುತ್ತಲೇ ಇರುತ್ತದೆ.

ಅಳತೆಯ ವಿಷಯದಲ್ಲಿ ಊಹೆ ನಡೆಯುವುದಿಲ್ಲ. ಹೆಡ್‌ಸೆಟ್‌ಗಳಲ್ಲಿ ಹೆಚ್ಚಾಗಿ ಕಾಣುವುದು 5/32 ಇಂಚಿನ, ಅಂದರೆ 3.97 ಮಿ.ಮೀ. ಗುಂಡು. ಕೆಲವು ಹಳೆಯವುಗಳಲ್ಲಿ 3/16 ಇಂಚಿನದು, 4.76 ಮಿ.ಮೀ., ಮತ್ತೆ ಕೆಲವು ತೆಳು ಹೆಡ್‌ಸೆಟ್‌ಗಳಲ್ಲಿ 1/8 ಇಂಚಿನದು, 3.18 ಮಿ.ಮೀ. ವರ್ನಿಯರ್ ಕ್ಯಾಲಿಪರ್‌ನಿಂದ ಹಳೆಯ ಗುಂಡನ್ನು ಅಳೆಯಿರಿ. ಸವೆದಿದ್ದರೆ ಅಳತೆ ತುಸು ಕಡಿಮೆ ಬರುತ್ತದೆ, ಹತ್ತಿರದ ದೊಡ್ಡ ಅಳತೆಯೇ ಅದರ ಮೂಲ. ಹಳೆಯದರ ಜೊತೆ ಹೊಸದನ್ನು ಬೆರೆಸುವುದಂತೂ ಬೇಡವೇ ಬೇಡ. ಕೂದಲೆಳೆಯಷ್ಟು ದೊಡ್ಡದಾದ ಹೊಸ ಗುಂಡುಗಳೇ ಇಡೀ ಭಾರ ಹೊತ್ತು ರೇಸ್ ಕೊರೆಯುತ್ತವೆ. ಗುಂಡಿಗೆ ಗ್ರೇಡ್ ಎಂಬುದೊಂದಿದೆ, ಅಂಕಿ ಕಡಿಮೆಯಾದಷ್ಟೂ ದುಂಡಗೆ. ಗ್ರೇಡ್ 25 ಸಿಕ್ಕರೆ ಅದನ್ನೇ ಕೊಳ್ಳಿ.

ತಗ್ಗು ಬಿದ್ದ ರೇಸ್‌ಗೂ ಬಿಡಿ ಗುಂಡು ಹಾಕಿ ಕೆಲವರು ಗೆದ್ದೆವೆನ್ನುತ್ತಾರೆ. ಅದರಲ್ಲಿ ಸ್ವಲ್ಪ ಸತ್ಯವಿದೆ. ಕೇಜ್ ಇದ್ದಾಗ ಗುಂಡುಗಳು ಸಮ ಅಂತರದಲ್ಲಿದ್ದು, ಅದೇ ಅಂತರದಲ್ಲಿ ತಗ್ಗುಗಳೂ ಬಿದ್ದಿರುತ್ತವೆ. ಬಿಡಿ ಗುಂಡುಗಳ ಸಂಖ್ಯೆಯೂ ಅಂತರವೂ ಬೇರೆ, ಆದ್ದರಿಂದ ಎಲ್ಲವೂ ಒಟ್ಟಿಗೆ ತಗ್ಗಿಗೆ ಇಳಿಯುವುದಿಲ್ಲ, ಹ್ಯಾಂಡಲ್ ಸಿಕ್ಕಿಕೊಳ್ಳುವುದು ಕಡಿಮೆಯಾಗುತ್ತದೆ. ಒತ್ತಿ ಕೂರಿಸಿದ ರೇಸನ್ನು ತೆಗೆದು ಕೆಲವು ಡಿಗ್ರಿ ತಿರುಗಿಸಿ ಕೂರಿಸುವ ಹಳೆಯ ಉಪಾಯದ ಗುಟ್ಟೂ ಇದೇ. ಹೊಸ ಭಾಗ ಬರುವವರೆಗೆ ಸೈಕಲ್ ಓಡಬೇಕೆಂದರೆ ಮಾಡಿ. ದುರಸ್ತಿ ಎಂದು ಅದನ್ನು ಕರೆಯಲಾರೆ.

ಕಾರ್ಟ್ರಿಜ್: ಸುಲಭ ಕೆಲಸ, ಕಷ್ಟದ ಖರೀದಿ

ಕಾರ್ಟ್ರಿಜ್‌ನ ದೊಡ್ಡ ಲಾಭ ಅದರ ರಚನೆಯಲ್ಲೇ ಇದೆ. ರೇಸ್‌ಗಳು ಬೇರಿಂಗ್‌ನ ಒಳಗೇ ಇರುವುದರಿಂದ ಬೇರಿಂಗ್ ಬದಲಿಸಿದರೆ ಸವೆದ ರೇಸೂ ಹೋಯಿತು. ಫ್ರೇಮ್‌ನೊಳಗೆ ನೇರವಾಗಿ ಕೂರುವ ಬಗೆಯಾದರೆ ಹಳೆಯದು ಕೈಗೇ ಬರುತ್ತದೆ, ಹೊಸದು ಕೈಯಿಂದಲೇ ಕೂರುತ್ತದೆ. ಸುತ್ತಿಗೆ ಬೇಕಿಲ್ಲ. ಕಪ್ ಒತ್ತಿ ಕೂರಿಸಿದ ಬಗೆಗಳಲ್ಲೂ ಸಾಮಾನ್ಯವಾಗಿ ಕಪ್ ಅಲ್ಲೇ ಇರುತ್ತದೆ, ಬೇರಿಂಗ್ ಮಾತ್ರ ಎತ್ತಿ ಇಡುವಂತಿರುತ್ತದೆ. ಸ್ಟೀರರ್ ಕೊಳವೆಯನ್ನು (ಫೋರ್ಕ್‌ನಿಂದ ಮೇಲೆದ್ದು ಹೆಡ್ ಟ್ಯೂಬ್‌ನೊಳಗೆ ಹಾಯುವ ಕೊಳವೆ) ಹಿಡಿದಿರುವ ಸೀಳುಳ್ಳ ಬಳೆ ಅಂಟಿಕೊಂಡು ಫೋರ್ಕ್ ಇಳಿಯದಿದ್ದರೆ ಕೊಳವೆಯ ತಲೆಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಬಿಡುತ್ತದೆ.

ತಲೆನೋವು ಅಂಗಡಿಯಲ್ಲಿ. ಕಾರ್ಟ್ರಿಜ್‌ಗೆ ಮೂರು ಅಳತೆ ಮತ್ತು ಎರಡು ಕೋನ ಹೊಂದಬೇಕು: ಒಳವ್ಯಾಸ, ಹೊರವ್ಯಾಸ, ಎತ್ತರ, ಹಾಗೂ ಒಳ ಅಂಚು, ಹೊರ ಅಂಚುಗಳ ಇಳಿಜಾರು. ಈ ಕೋನಗಳನ್ನು ಮರೆತವರೇ ಹೆಚ್ಚು. ಮೇಲಿನ ಬೇರಿಂಗ್‌ನಲ್ಲಿ ಹೊರವ್ಯಾಸ 41 ಮಿ.ಮೀ. ಇರುವ, ಒಳಗೆ 36 ಡಿಗ್ರಿ, ಹೊರಗೆ 45 ಡಿಗ್ರಿ ಇಳಿಜಾರಿನ ಒಂದು ಬಗೆ ಇದೆ. 41.8 ಮಿ.ಮೀ. ಇದ್ದು ಎರಡೂ ಕಡೆ 45 ಡಿಗ್ರಿ ಇರುವ ಇನ್ನೊಂದಿದೆ. ಕಣ್ಣಿಗೆ ಎರಡೂ ಒಂದೇ. 41ರ ಜಾಗದಲ್ಲಿ 41.8 ಕೂರುವುದೇ ಇಲ್ಲ, 41.8ರ ಜಾಗದಲ್ಲಿ 41 ಇಟ್ಟರೆ ಸಡಿಲವಾಗಿ ಫ್ರೇಮನ್ನೇ ತಿನ್ನುತ್ತದೆ. ಕೋನ ತಪ್ಪಿದರೆ ಇಳಿಜಾರು ಪೂರ್ತಿ ತಾಗದೆ ಒಂದು ಗೆರೆಯ ಮೇಲಷ್ಟೇ ನಿಲ್ಲುತ್ತದೆ, ಎಷ್ಟು ಬಿಗಿ ಮಾಡಿದರೂ ಆಟ ಮರಳಿ ಬರುತ್ತದೆ.

ಹಳೆಯ ಬೇರಿಂಗ್‌ನ ಮೈ ಒರೆಸಿ ನೋಡಿ, ಅಳತೆಯೂ ಕೋನವೂ ಹೆಚ್ಚಾಗಿ ಅಲ್ಲೇ ಕೊರೆದಿರುತ್ತವೆ. ಅಳಿಸಿಹೋಗಿದ್ದರೆ ಕಾಗದದ ಚೌಕ ಮೂಲೆಯನ್ನು ಕರ್ಣಕ್ಕೆ ಸರಿಯಾಗಿ ಮಡಚಿದರೆ 45 ಡಿಗ್ರಿಯ ಅಚ್ಚು ಸಿಕ್ಕಿತು. ಇಳಿಜಾರಿಗೆ ಅದನ್ನಿಟ್ಟು ಬೆಳಕಿಗೆ ಹಿಡಿದರೆ 36 ಯಾವುದು, 45 ಯಾವುದು ಎಂಬುದು ತಿಳಿಯುತ್ತದೆ. ಹೆಡ್‌ಸೆಟ್‌ಗಳ ಪೆಟ್ಟಿಗೆಯ ಮೇಲೆ ಐಎಸ್, ಜೆಡ್‌ಎಸ್, ಇಸಿ ಎಂಬ ಅಕ್ಷರಗಳೂ ಅಂಕಿಗಳೂ ಇರುತ್ತವೆ. ಐಎಸ್ ಎಂದರೆ ಬೇರಿಂಗ್ ನೇರವಾಗಿ ಫ್ರೇಮ್‌ನಲ್ಲಿ ಕೂರುವ ಬಗೆ, ಜೆಡ್‌ಎಸ್ ಎಂದರೆ ಕಪ್ ಹೆಡ್ ಟ್ಯೂಬ್‌ನ ಒಳಗಿರುವುದು, ಇಸಿ ಎಂದರೆ ಕಪ್ ಹೊರಗೆ ಕಾಣುವುದು. ಅದರ ಪಕ್ಕದ ಅಂಕಿ ಹೆಡ್ ಟ್ಯೂಬ್‌ನ ರಂಧ್ರದ ಅಳತೆ, ಓರೆಗೆರೆಯ ನಂತರದ್ದು ಫೋರ್ಕ್‌ನ ಅಳತೆ. ಮೇಲಿನದೂ ಕೆಳಗಿನದೂ ಬೇರೆ ಬೇರೆ ಇರಬಹುದು. ಕೆಳಗೆ ಅಗಲವಾಗುವ ಸ್ಟೀರರ್ ಇದ್ದರೆ ಖಂಡಿತ ಬೇರೆ. ಮಾಮೂಲು ಯಂತ್ರಗಳಲ್ಲಿ ಬಳಸುವ ಚೌಕ ಅಂಚಿನ ಬೇರಿಂಗ್ ಅಳತೆಗೆ ಹೊಂದಿತೆಂದು ತರಬೇಡಿ, ಮೇಲಿನಿಂದ ಬೀಳುವ ಹೊರೆಗೆ ಅದು ಮಾಡಿದ್ದಲ್ಲ.

ಲೋಹದ ಪ್ರಶ್ನೆ ಈಗ ಬರಲಿ. ಮಾಮೂಲು ಕ್ರೋಮ್ ಸ್ಟೀಲ್ ಗಟ್ಟಿ, ಅಗ್ಗ, ಆದರೆ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಗಡಸುತನದಲ್ಲಿ ಒಂದು ಕೂದಲು ಕಡಿಮೆ, ತುಕ್ಕನ್ನು ಹೆಚ್ಚು ತಡೆಯುತ್ತದೆ. ಹೆಡ್‌ಸೆಟ್‌ಗಳನ್ನು ಕೊಲ್ಲುವುದರಲ್ಲಿ ನೀರಿನ ಪಾಲು ದೊಡ್ಡದಾದ್ದರಿಂದ ಮಳೆಯಲ್ಲಿ ಓಡಿಸುವವರಿಗೆ, ಸಮುದ್ರದ ಅಂಚಿನಲ್ಲಿ ಇರುವವರಿಗೆ ಸ್ಟೇನ್‌ಲೆಸ್‌ಗೆ ಕೊಟ್ಟ ಹಣ ದಂಡವಲ್ಲ. ಮನೆಯೊಳಗೆ, ಸೈಕಲ್ ನಿಂತಲ್ಲೇ ತುಳಿಯುವ ಟ್ರೇನರ್ ಮೇಲೆ ಬೆವರು ಹರಿಸುವವರಿಗೂ ಅಷ್ಟೇ. ಉಪ್ಪುಬೆವರು ಹ್ಯಾಂಡಲ್‌ನಿಂದ ಇಳಿದು ಮೇಲಿನ ಬೇರಿಂಗ್ ತಿನ್ನುವುದು ಹೊರಗಿನಿಂದ ಕಾಣುವುದೇ ಇಲ್ಲ. ಸೆರಾಮಿಕ್ ಬಗ್ಗೆ ನನ್ನ ಮಾತು ಚಿಕ್ಕದು: ಉರುಳುವ ತಡೆ ಕಡಿಮೆ ಎಂಬುದು ಅದರ ಹೆಗ್ಗಳಿಕೆ, ಹೆಡ್‌ಸೆಟ್ ಉರುಳುವುದೇ ಇಲ್ಲ. ಗುಂಡು ತುಕ್ಕು ಹಿಡಿಯದಿದ್ದರೂ ಅದು ಓಡುವ ರೇಸ್ ಉಕ್ಕಿನದೇ.

ಲೋಹಕ್ಕಿಂತ ಮೊದಲು ಸೀಲ್ ನೋಡಿ. ಎರಡೂ ಕಡೆ ರಬ್ಬರ್ ಸೀಲ್ ಇದ್ದು, ತಿರುಗಿಸುವಾಗ ತುಸು ಬಿಗಿ ಎನಿಸುವ ಬೇರಿಂಗೇ ಒಳ್ಳೆಯದು. ಕೈಯಲ್ಲಿ ಗಿರ್ರನೆ ತಿರುಗುವುದನ್ನು ಕಂಡು ಮೆಚ್ಚುವುದು ಹಬ್‌ಗೆ ಸರಿ. ಯಾವುದನ್ನೇ ತಂದರೂ ಬೇರಿಂಗ್‌ನ ಹೊರಮೈಗೂ ಅದು ಕೂರುವ ಜಾಗಕ್ಕೂ ಗ್ರೀಸ್ ಬಳಿಯಿರಿ. ಉಕ್ಕಿನ ಬೇರಿಂಗ್ ಅಲ್ಯೂಮಿನಿಯಂ ಫ್ರೇಮ್‌ಗೆ ಕಚ್ಚಿಕೊಂಡರೆ ಮುಂದಿನ ಸಲ ಅದನ್ನು ಬಿಡಿಸುವುದೇ ಒಂದು ದಿನದ ಕೆಲಸ.

ಕೇಬಲ್ ಮತ್ತು ಬ್ರೇಕ್ ಕೊಳವೆಗಳು ಹೆಡ್‌ಸೆಟ್ ಮೂಲಕವೇ ಒಳಗೆ ಹೋಗುವ ಈಚಿನ ಸೈಕಲ್‌ಗಳ ಲೆಕ್ಕ ಬೇರೆ. ಅವುಗಳಲ್ಲಿ ಮೇಲಿನ ಬೇರಿಂಗ್ ಬದಲಿಸಲು ಎಷ್ಟೋ ಸಲ ಹೈಡ್ರಾಲಿಕ್ ಕೊಳವೆಯನ್ನೇ ಕಳಚಿ, ಮತ್ತೆ ಗಾಳಿ ತೆಗೆಯಬೇಕಾಗುತ್ತದೆ. ಒಂದು ಸಣ್ಣ ಬಳೆಗಾಗಿ ಇಷ್ಟು ಕೆಲಸವಿರುವಾಗ ಅಲ್ಲಿ ಅಗ್ಗದ ಬೇರಿಂಗ್ ಹಾಕುವುದು ಮೂರ್ಖತನ. ಸಿಗುವ ಒಳ್ಳೆಯ ಸ್ಟೇನ್‌ಲೆಸ್ ಹಾಕಿ, ಮೇಲಿನದೂ ಕೆಳಗಿನದೂ ಒಟ್ಟಿಗೇ ಆಗಲಿ. ಬಿಚ್ಚಲು ಸುಲಭವಾದ ಸೈಕಲ್‌ನಲ್ಲಾದರೆ ಕೆಳಗಿನದನ್ನು ಮಾತ್ರ ಬದಲಿಸಿ, ಚೆನ್ನಾಗಿರುವ ಮೇಲಿನದನ್ನು ಹಾಗೇ ಬಿಡಬಹುದು.

ಇಡೀ ಹೆಡ್‌ಸೆಟ್

ಕಪ್ ಕೋನ್ ಬಗೆಯಲ್ಲಿ ರೇಸ್ ತಗ್ಗುಬಿದ್ದ ಮೇಲೆ ಉಳಿಯುವುದು ಇದೊಂದೇ ದಾರಿ. ಹಾಗಿರುವಾಗ ಮತ್ತೆ ಗುಂಡಿನದನ್ನೇ ತರಬೇಕೇ, ಕಾರ್ಟ್ರಿಜ್ ಇರುವ ಹೆಡ್‌ಸೆಟ್‌ಗೆ ಹೋಗಬೇಕೇ? ಥ್ರೆಡ್ ಇಲ್ಲದ ಬಗೆಯಾದರೆ ಕಾರ್ಟ್ರಿಜ್‌ಗೆ ಹೋಗಿ. ಕಪ್ ಒತ್ತುವ ಕಷ್ಟ ಒಂದೇ ಸಲ, ಮುಂದೆಲ್ಲ ಬೇರಿಂಗ್ ಮಾತ್ರ. ಥ್ರೆಡ್ ಇರುವ ಹಳೆಯ ಸೈಕಲ್‌ಗೆ ಗುಂಡಿನ ಹೆಡ್‌ಸೆಟ್ಟೇ ಸಾಕು ಎನ್ನುತ್ತೇನೆ. ಅದು ಅಗ್ಗ, ತೊಳೆದು ಗ್ರೀಸ್ ಹಾಕುತ್ತ ಹೋದರೆ ಬಹಳ ಕಾಲ ಬಾಳುತ್ತದೆ.

ಹಳೆಯ 1 ಇಂಚಿನ (ಅಂದರೆ ಸ್ಟೀರರ್ ಕೊಳವೆ 1 ಇಂಚು ದಪ್ಪವಿರುವ) ಥ್ರೆಡ್ ಹೆಡ್‌ಸೆಟ್‌ನಲ್ಲಿ ಒಂದು ಬಲೆ ಇದೆ. ಫೋರ್ಕ್‌ನ ಬುಡದಲ್ಲಿ ಕೂರುವ ಕ್ರೌನ್ ರೇಸ್ 26.4 ಮಿ.ಮೀ. ಮತ್ತು 27.0 ಮಿ.ಮೀ. ಎಂಬ ಎರಡು ಅಳತೆಗಳಲ್ಲಿ ಬರುತ್ತದೆ. ಚಿಕ್ಕದು ದೊಡ್ಡ ಫೋರ್ಕ್‌ಗೆ ಇಳಿಯದು, ದೊಡ್ಡದು ಚಿಕ್ಕದಕ್ಕೆ ಸಡಿಲ. ಹೊಸದರ ಒಟ್ಟು ಎತ್ತರವೂ ಹಳೆಯದಕ್ಕೆ ಸಮವಿರಬೇಕು, ಇಲ್ಲವಾದರೆ ಮೇಲಿನ ಲಾಕ್ ನಟ್‌ಗೆ ಥ್ರೆಡ್ ಸಾಲುವುದಿಲ್ಲ.

ಕಪ್ ಒತ್ತಲು ವಿಶೇಷ ಪ್ರೆಸ್ ಬೇಕೆಂದೇನಿಲ್ಲ. ಥ್ರೆಡ್ ಇರುವ ದಪ್ಪ ಉದ್ದ ರಾಡ್, ಎರಡು ನಟ್, ಕಪ್‌ನ ಅಂಚಿಗೆ ಕೂರುವಷ್ಟು ದೊಡ್ಡ ವಾಷರ್‌ಗಳು ಇದ್ದರೆ ಒಂದೊಂದೇ ಕಪ್ಪನ್ನು ನೇರವಾಗಿ ಎಳೆದು ಕೂರಿಸಬಹುದು. ವಾಷರ್ ಅಂಚನ್ನು ಒತ್ತಬೇಕು, ಗುಂಡು ಓಡುವ ಹಾದಿಯನ್ನಲ್ಲ. ಓರೆಯಾಗುತ್ತಿದೆ ಎನಿಸಿದರೆ ನಿಲ್ಲಿಸಿ, ಹಿಂದಕ್ಕೆ ತೆಗೆದು ಮತ್ತೆ ಹಿಡಿಯಿರಿ. ಕಾರ್ಬನ್ ಫ್ರೇಮ್ ಆಗಿದ್ದರೆ, ಅಥವಾ ಹಳೆಯ ಕಪ್ ತುಕ್ಕು ಹಿಡಿದು ಅಲುಗದಿದ್ದರೆ, ಸೈಕಲ್ಲನ್ನು ವರ್ಕ್‌ಶಾಪ್‌ಗೆ ಒಯ್ದು ಈ ಒಂದು ಕೆಲಸವನ್ನು ಮಾಡಿಸಿ. ಉಳಿದದ್ದನ್ನು ಮನೆಯಲ್ಲಿ ಮಾಡಿಕೊಳ್ಳಬಹುದು. ಹೊಸ ಕ್ರೌನ್ ರೇಸ್ ಸೀಳು ಬಿಟ್ಟ ಬಗೆಯದಾದರೆ ಕೈಯಲ್ಲೇ ಜಾರಿ ಕೂರುತ್ತದೆ, ಆಯ್ಕೆಯಿದ್ದರೆ ಅಂಥದ್ದನ್ನೇ ಕೇಳಿ.

ಬಿಗಿಸುವಾಗ

ಎಲ್ಲ ಆಯ್ಕೆಗಳನ್ನೂ ಸಮಾನವಾಗಿ ಹಾಳುಮಾಡುವುದು ತಪ್ಪು ಬಿಗಿತ. ಸಡಿಲವಿದ್ದರೆ ಪ್ರತಿ ಹಳ್ಳದಲ್ಲೂ ಗುಂಡು ರೇಸನ್ನು ಬಡಿಯುತ್ತದೆ, ಅತಿಯಾಗಿ ಬಿಗಿದರೆ ಗ್ರೀಸ್ ಹಿಂಡಿಹೋಗಿ ತಗ್ಗು ಬೇಗ ಬೀಳುತ್ತದೆ.

ಥ್ರೆಡ್ ಇಲ್ಲದ ಬಗೆಯಲ್ಲಿ ತಲೆಯ ಮೇಲಿನ ಬೋಲ್ಟ್ ಬೇರಿಂಗ್‌ಗಳ ಒತ್ತಡವನ್ನು ಮಾತ್ರ ಹೊಂದಿಸುತ್ತದೆ, ಹ್ಯಾಂಡಲ್ಲನ್ನು ಹಿಡಿದಿಡುವುದು ಸ್ಟೆಮ್‌ನ ಪಕ್ಕದ ಬೋಲ್ಟ್‌ಗಳು. ಅವನ್ನು ಸಡಿಲಿಸಿ, ಮೇಲಿನದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಆಟ ಹೋದ ಕ್ಷಣಕ್ಕೆ ನಿಲ್ಲಿಸಿ, ಸ್ಟೆಮ್ ನೇರ ಮಾಡಿ ಪಕ್ಕದವನ್ನು ಬಿಗಿಸಿ. ಎಷ್ಟು ಬಿಗಿಸಬೇಕೆಂಬುದು ಸ್ಟೆಮ್ ಮೇಲೇ ಬರೆದಿರುತ್ತದೆ, ಸಾಮಾನ್ಯವಾಗಿ 5ರಿಂದ 6 ನ್ಯೂಟನ್ ಮೀಟರ್. ಸ್ಟೀರರ್ ಕೊಳವೆಯ ತಲೆ ಸ್ಟೆಮ್‌ನ ಮೇಲಂಚಿಗಿಂತ ಸುಮಾರು 3 ಮಿ.ಮೀ. ತಗ್ಗಿನಲ್ಲಿರಬೇಕು. ಹಾಗಿಲ್ಲದಿದ್ದರೆ ಮುಚ್ಚಳ ಕೊಳವೆಗೇ ತಾಗಿ ಒತ್ತಡವೇ ಸಿಗುವುದಿಲ್ಲ, ಸ್ಪೇಸರ್ ಎಂಬ ಬಳೆಯೊಂದನ್ನು ಸೇರಿಸಿ.

ಥ್ರೆಡ್ ಇರುವ ಬಗೆಯಲ್ಲಿ ಲಾಕ್ ನಟ್ ಬಿಗಿಸುವಾಗ ಅದರ ಅಡಿಯಲ್ಲಿರುವ, ಥ್ರೆಡ್ ಮೇಲೆ ಕೂತ ರೇಸ್ ಕೂಡ ತುಸು ಕೆಳಗೊತ್ತುತ್ತದೆ. ಹಾಗಾಗಿ ಮೊದಲು ಒಂದಿಷ್ಟು ಆಟ ಬಿಟ್ಟೇ ಶುರು ಮಾಡಿ. 1 ಇಂಚಿನದಕ್ಕೆ ಹೆಚ್ಚಾಗಿ 32 ಮಿ.ಮೀ., 1⅛ ಇಂಚಿನದಕ್ಕೆ 36 ಮಿ.ಮೀ. ಸ್ಪ್ಯಾನರ್ ಬೇಕು. ಲಾಕ್ ನಟ್ ಅಡಿಯ ರೇಸನ್ನು ಹಿಡಿಯಲು ತೆಳುವಾದದ್ದೇ ಆಗಬೇಕು.

ಹೊಸ ಕಪ್ ಹಾಕಿದ್ದರೆ ಮೊದಲ ಕೆಲವು ಸವಾರಿಗಳಲ್ಲಿ ಅದು ಇನ್ನೂ ಒಂದಿಷ್ಟು ಒಳಗೆ ಕೂರುತ್ತದೆ, ಬಿಗಿ ಮಾಡಿದ್ದು ಸಡಿಲಾಗುತ್ತದೆ. ಬ್ರೇಕ್ ಹಿಡಿದು ತಳ್ಳುವ ಪರೀಕ್ಷೆಯನ್ನು ಆಗ ಇನ್ನೊಮ್ಮೆ ಮಾಡಿ, ಬೇಕಿದ್ದರೆ ಕಾಲು ಸುತ್ತು ಬಿಗಿಸಿ.